ಮೈದಾನದಲ್ಲಿ ಕಳೆದ ಐವತ್ತು ನಿಮಿಷ: ಒಕಾವಾ ಪ್ರಾಥಮಿಕ ಶಾಲೆಯ ಪ್ರಕರಣ ಮತ್ತು ಶಿಕ್ಷಕರ ತರಬೇತಿ

2011ರ ಮಾರ್ಚ್ 11ರ ಶುಕ್ರವಾರ ಮಧ್ಯಾಹ್ನ 2:46ಕ್ಕೆ ಜಪಾನಿನ ಈಶಾನ್ಯ ಕರಾವಳಿಯಾಚೆ ಕಡಲಡಿಯಲ್ಲಿ 9.0 ಪ್ರಮಾಣದ ಭೂಕಂಪವಾದಾಗ, ಮಿಯಾಗಿ ಪ್ರಾಂತ್ಯದ ಇಶಿನೊಮಾಕಿ ನಗರಾಡಳಿತಕ್ಕೆ ಸೇರಿದ ಒಕಾವಾ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಮನೆಗೆ ಹೊರಡುವ ಹೊತ್ತು ಹತ್ತಿರವಾಗಿತ್ತು. ಮಕ್ಕಳು ಕಲಿತಿದ್ದಂತೆಯೇ ಮೇಜಿನಡಿ ಸೇರಿಕೊಂಡರು. ನಡುಕ ನಿಂತ ಮೇಲೆ ಸಾಲಾಗಿ ಮೈದಾನಕ್ಕೆ ಬಂದರು. ಶಿಕ್ಷಕರು ತರಗತಿವಾರು ಎಣಿಸಿ ಎಲ್ಲರೂ ಇದ್ದಾರೆಂದು ಖಚಿತಪಡಿಸಿಕೊಂಡರು. ಕಟ್ಟಡ ಕುಸಿಯಲಿಲ್ಲ, ಭೂಕಂಪದಿಂದ ಆ ಶಾಲೆಯಲ್ಲಿ ಒಂದು ಜೀವವೂ ಹೋಗಲಿಲ್ಲ. ಇಷ್ಟರವರೆಗಿನ ವರದಿಯನ್ನು ಯಾವ ತಪಾಸಣಾಧಿಕಾರಿಯ ಮುಂದಿಟ್ಟರೂ ಅದರಲ್ಲಿ ಕೊರತೆ ಹುಡುಕುವುದು ಕಷ್ಟವಾಗುತ್ತಿತ್ತು.

ಆ ಶಾಲೆಯ ಗೋಡೆ ಗಡಿಯಾರ 3:37ಕ್ಕೆ ನಿಂತಿದೆ. ಭೂಕಂಪವಾಗಿ 51 ನಿಮಿಷಗಳ ನಂತರ, ಕಿತಾಕಾಮಿ ನದಿಯನ್ನು ಹಿಮ್ಮುಖವಾಗಿ ಏರಿಬಂದ ಸುನಾಮಿ ಶಾಲೆಯನ್ನು ಮುಳುಗಿಸಿದ ಗಳಿಗೆ ಅದು. ಶಾಲೆಯ ಹಾಜರಿ ಪುಸ್ತಕದಲ್ಲಿದ್ದ 108 ಮಕ್ಕಳಲ್ಲಿ 74 ಮಂದಿ ಸತ್ತರು ಅಥವಾ ಸಿಗದೇ ಹೋದರು. ಸ್ಥಳದಲ್ಲಿದ್ದ 11 ಶಿಕ್ಷಕರಲ್ಲಿ 10 ಮಂದಿ ಸತ್ತರು. ಆ ದಿನ ಜಪಾನಿನ ಕರಾವಳಿಯ ನೂರಾರು ಶಾಲೆಗಳಲ್ಲಿ ಮಕ್ಕಳಿದ್ದರು, ಅವರಲ್ಲಿ ಶಿಕ್ಷಕರ ಸುಪರ್ದಿಯಲ್ಲಿದ್ದು ಸತ್ತವರು ಬಹುತೇಕ ಎಲ್ಲರೂ ಈ ಒಂದೇ ಶಾಲೆಯವರು ಎಂಬುದನ್ನು ಗಮನಿಸಿದರೆ, ದೋಷವನ್ನು ಬರಿಯ ಪ್ರಕೃತಿಯ ಮೇಲೆ ಹೊರಿಸಿ ಸುಮ್ಮನಾಗಲು ಸಾಧ್ಯವಿಲ್ಲವೆಂಬುದು ತಿಳಿಯುತ್ತದೆ.

ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಪ್ರಥಮ ಚಿಕಿತ್ಸೆ ಮತ್ತು ವಿಪತ್ತು ಸನ್ನದ್ಧತೆಯ ತರಬೇತಿ ಕೊಡುವವರು ಓದಲೇಬೇಕಾದ ಪ್ರಕರಣ ಇದು ಎಂದು ನಾನು ಭಾವಿಸಿದ್ದೇನೆ. ಕಾರಣ, ಇಲ್ಲಿಯ ಶಿಕ್ಷಕರು ತರಬೇತಿಯಿಲ್ಲದ ಅನಾಡಿಗಳಲ್ಲ. ಅವರು ಕಲಿತದ್ದನ್ನೆಲ್ಲ ಮಾಡಿದರು. ಕಲಿತದ್ದು ಮುಗಿದ ಜಾಗದಲ್ಲಿ ನಿಂತುಬಿಟ್ಟರು.

ಶಾಲೆ ಇದ್ದ ನೆಲ

ಒಕಾವಾ ಶಾಲೆ ಇದ್ದದ್ದು ಕಮಾಯಾ ಎಂಬ ಹಳ್ಳಿಯಲ್ಲಿ, ಕಿತಾಕಾಮಿ ನದಿಯ ದಂಡೆಯ ಬಳಿ, ನದೀಮುಖದಿಂದ ಸುಮಾರು 4 ಕಿಲೋಮೀಟರ್ ಒಳಗೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ. ಕಣ್ಣಿಗೆ ಬೀಳುವುದು ನದಿಯ ಏರಿ, ಗದ್ದೆ, ಮನೆಗಳು ಮತ್ತು ಶಾಲೆಯ ಬೆನ್ನಿಗೇ ಎದ್ದ ಕಾಡುಗುಡ್ಡ. ಶಾಲೆಯ ನೆಲ ಸಮುದ್ರಮಟ್ಟಕ್ಕಿಂತ ಒಂದೂವರೆ ಮೀಟರಿನಷ್ಟೂ ಎತ್ತರದಲ್ಲಿ ಇರಲಿಲ್ಲ. ಕಟ್ಟಡಕ್ಕೆ ಎರಡೇ ಅಂತಸ್ತು. ಆದರೂ ನಗರಾಡಳಿತದ ಅಪಾಯ ನಕ್ಷೆಯಲ್ಲಿ ಈ ಶಾಲೆ ಸುನಾಮಿ ತಲುಪಬಹುದಾದ ವಲಯದ ಹೊರಗಿತ್ತು. ಅಷ್ಟು ಮಾತ್ರವಲ್ಲ, ವಿಪತ್ತು ಬಂದರೆ ಊರಿನವರು ಬಂದು ಸೇರಬೇಕಾದ ಆಶ್ರಯತಾಣವೆಂದು ಗುರುತಿಸಿದ್ದೂ ಇದೇ ಶಾಲೆಯನ್ನು. ಹೀಗಾಗಿ ಅಂದು ಮೈದಾನದಲ್ಲಿ ಮಕ್ಕಳು ಮತ್ತು ಶಿಕ್ಷಕರ ಜೊತೆಗೆ, ಇದು ಸುರಕ್ಷಿತ ಜಾಗವೆಂದು ನಂಬಿ ಬಂದ ಹಳ್ಳಿಯ ಹಿರಿಯರೂ ಇದ್ದರು. ಅವರ ಇರುವಿಕೆ ಮುಂದೆ ಎಷ್ಟು ಭಾರವಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಹಿಂಬದಿಯ ಗುಡ್ಡ ಮಕ್ಕಳಿಗೆ ಅಪರಿಚಿತವಾಗಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಅವರು ಅದರ ಇಳಿಜಾರಿನಲ್ಲಿ ಮರದ ತುಂಡುಗಳ ಮೇಲೆ ಶೀಟಾಕೆ ಅಣಬೆ ಬೆಳೆಸುವ ಪಾಠ ಕಲಿತಿದ್ದರು. ಮೈದಾನದಿಂದ ಆ ಜಾಗಕ್ಕೆ ಕೆಲವೇ ನಿಮಿಷಗಳ ನಡಿಗೆ.

ಆ ಐವತ್ತು ನಿಮಿಷ

ಭೂಕಂಪವಾದ ಮೂರು–ನಾಲ್ಕು ನಿಮಿಷದಲ್ಲೇ ಹವಾಮಾನ ಇಲಾಖೆ ಮಿಯಾಗಿ ಕರಾವಳಿಗೆ 6 ಮೀಟರ್ ಎತ್ತರದ ಸುನಾಮಿ ಬರಬಹುದೆಂದು ಎಚ್ಚರಿಸಿತು. ಊರಿನ ಧ್ವನಿವರ್ಧಕಗಳಲ್ಲಿ ಸೈರನ್ ಮೊಳಗಿತು. 3:14ಕ್ಕೆ ಆ ಅಂದಾಜನ್ನು 10 ಮೀಟರಿಗಿಂತ ಹೆಚ್ಚು ಎಂದು ಏರಿಸಲಾಯಿತು. ರೇಡಿಯೊ ಇತ್ತು, ಮಕ್ಕಳನ್ನು ಕರೆದೊಯ್ಯಲು ಬಂದ ತಂದೆತಾಯಿಯರ ಕಾರುಗಳಲ್ಲಿ ಸುದ್ದಿ ಬರುತ್ತಿತ್ತು, ಶಾಲಾ ಬಸ್ಸು ಹತ್ತಿರದಲ್ಲೇ ಕಾಯುತ್ತಿತ್ತು. ಮಾಹಿತಿಯ ಕೊರತೆಯಿಂದ ಈ ದುರಂತ ಆಯಿತೆನ್ನಲು ಬರುವುದಿಲ್ಲ.

ಮೈದಾನದಲ್ಲಿ ನಡೆದದ್ದು ಬದುಕುಳಿದ ಕೆಲವರ ಹೇಳಿಕೆಗಳಿಂದ ತುಂಡುತುಂಡಾಗಿ ತಿಳಿದುಬಂದಿದೆ. ಚಳಿ ಕೊರೆಯುತ್ತಿತ್ತು, ಹಿಮ ಉದುರುತ್ತಿತ್ತು. ಕೆಲವು ಮಕ್ಕಳು ಅಳುತ್ತಿದ್ದರು, ಕೆಲವರು ವಾಂತಿ ಮಾಡಿಕೊಂಡರು. ಶಿಕ್ಷಕರು ಅವರ ಬೆನ್ನು ಸವರಿ ಸಮಾಧಾನಪಡಿಸಿದರು. ಮಕ್ಕಳಿಗೆ ಬೆಚ್ಚಗಾಗಲೆಂದು ಮೈದಾನದಲ್ಲಿ ಬೆಂಕಿ ಹಾಕುವ ಸಿದ್ಧತೆಯೂ ನಡೆದಿತ್ತು. ಈ ವಿವರದ ಮೇಲೆ ಒಂದು ಗಳಿಗೆ ನಿಲ್ಲಬೇಕು. ಬೆಂಕಿ ಹಾಕಲು ಹೊರಟವರು ಅಲ್ಲೇ ಬಹಳ ಹೊತ್ತು ಇರುವುದೆಂದು ಒಳಗೊಳಗೇ ನಿಶ್ಚಯಿಸಿಕೊಂಡವರು. ಗುಡ್ಡಕ್ಕೆ ಹೋಗೋಣ ಎಂದು ದೊಡ್ಡ ತರಗತಿಯ ಹುಡುಗರು ಕೇಳಿದ್ದರೆಂದೂ ಹೇಳಿಕೆಗಳಿವೆ. ಗುಡ್ಡ ಹತ್ತುವ ಮಾತು ಶಿಕ್ಷಕರ ನಡುವೆಯೂ ಬಂದಿತ್ತು. ಮತ್ತೆ ಮತ್ತೆ ಕಂಪಿಸುತ್ತಿದ್ದ ನೆಲದಲ್ಲಿ ಮರಗಳು ಉರುಳಬಹುದು, ಹಿಮದಲ್ಲಿ ಸಣ್ಣ ಮಕ್ಕಳು ಜಾರಬಹುದು, ಬಂದಿರುವ ಮುದುಕರು ಹತ್ತಲಾರರು ಎಂಬ ಆತಂಕಗಳು ಅದನ್ನು ತಡೆದವು. ಇಲ್ಲಿಯವರೆಗೆ ಸುನಾಮಿ ಬಂದದ್ದೇ ಇಲ್ಲ ಎಂಬ ಊರವರ ಮಾತಿಗೂ ತೂಕವಿತ್ತು.

ಮುಖ್ಯೋಪಾಧ್ಯಾಯರು ಅಂದು ರಜೆಯ ಮೇಲಿದ್ದರು. ತೀರ್ಮಾನದ ಹೊಣೆ ಉಪ ಮುಖ್ಯೋಪಾಧ್ಯಾಯರ ಮೇಲೆ ಬಿತ್ತು. ಅವರು ಕೇಳಬೇಕಾದವರು ಅನೇಕರಿದ್ದರು, ಆದರೆ ಹೊರಡಿ ಎನ್ನುವ ಅಧಿಕಾರ ತಮ್ಮದೇ ಎಂದು ಅವರಿಗೆ ಮೊದಲೇ ಯಾರೂ ಬರೆದುಕೊಟ್ಟಿರಲಿಲ್ಲ.

ಸುನಾಮಿ ಕಡಲಂಚಿನ ಪೈನ್ ತೋಪನ್ನು ದಾಟಿ ಒಳನುಗ್ಗಿದೆ, ಎತ್ತರಕ್ಕೆ ಹೋಗಿ ಎಂದು ನಗರಾಡಳಿತದ ವಾಹನ ಕೂಗುತ್ತ ಸಾಗಿದ್ದು 3:30ರ ಆಸುಪಾಸಿನಲ್ಲಿ. ಆಮೇಲೆ ಮಕ್ಕಳನ್ನು ಸಾಲಾಗಿ ಹೊರಡಿಸಿದರು. ಬೆನ್ನ ಹಿಂದಿನ ಗುಡ್ಡಕ್ಕಲ್ಲ, ನದಿಯ ಸೇತುವೆಯ ಬುಡದಲ್ಲಿ ಆರೇಳು ಮೀಟರ್ ಎತ್ತರವಿದ್ದ ತ್ರಿಕೋನಾಕಾರದ ಜಾಗದ ಕಡೆಗೆ. ಎಂದರೆ ನೀರು ಬರುತ್ತಿದ್ದ ನದಿಯ ಕಡೆಗೇ. ಅಲ್ಲಿ ತಲುಪುವ ಮೊದಲೇ ಅಲೆ ಏರಿಯನ್ನು ದಾಟಿತು. ಶಾಲೆಯ ಬಳಿ ನೀರು ಸಮುದ್ರಮಟ್ಟದಿಂದ 8 ಮೀಟರಿಗೂ ಮೇಲೆ ಏರಿತ್ತು; ಹೀಗಾಗಿ ಅವರು ಆ ಜಾಗ ತಲುಪಿದ್ದರೂ ಉಳಿಯುವುದು ಕಷ್ಟವಿತ್ತು. ಮೈದಾನದಿಂದ ಹೊರಟ ಮಕ್ಕಳಲ್ಲಿ ಬದುಕಿದವರು ನಾಲ್ವರು.

ಕೈಪಿಡಿಯ ಒಂದು ಸಾಲು

ಶಾಲೆಗೆ ವಿಪತ್ತು ಕೈಪಿಡಿ ಇತ್ತು. ಜಪಾನಿನ ಶಾಲಾ ಆರೋಗ್ಯ ಮತ್ತು ಸುರಕ್ಷತಾ ಕಾನೂನು 2009ರ ಏಪ್ರಿಲಿನಿಂದ ಜಾರಿಗೆ ಬಂದು, ಪ್ರತಿ ಶಾಲೆಯೂ ಇಂಥ ಕೈಪಿಡಿ ಇಟ್ಟುಕೊಳ್ಳಬೇಕೆಂದು ಕಡ್ಡಾಯ ಮಾಡಿತ್ತು. ಒಕಾವಾ ಶಾಲೆಯ ಕೈಪಿಡಿಯಲ್ಲಿ ಮೊದಲ ಹಂತದ ಸ್ಥಳಾಂತರ ಮೈದಾನಕ್ಕೆ ಎಂದಿತ್ತು. ಎರಡನೆಯ ಹಂತಕ್ಕೆ ಹತ್ತಿರದ ಖಾಲಿ ಜಾಗ, ಉದ್ಯಾನ ಮುಂತಾದವು ಎಂದಿತ್ತು. ಎರಡನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ಯಾವ ಖಾಲಿ ಜಾಗ? ಯಾವ ಉದ್ಯಾನ? ಸುನಾಮಿಯಿಂದ ಕಾಪಾಡುವಷ್ಟು ಎತ್ತರದ ಖಾಲಿ ಜಾಗವಾಗಲಿ ಉದ್ಯಾನವಾಗಲಿ ಕಮಾಯಾದಲ್ಲಿ ಇರಲಿಲ್ಲ. ಆ ಸಾಲು ಯಾವ ಶಾಲೆಗೆ ಬೇಕಾದರೂ ಹೊಂದುವಂಥದ್ದು. ಹಾಗಾಗಿ ಈ ಶಾಲೆಗೆ ಹೊಂದಲಿಲ್ಲ.

ಸುನಾಮಿ ಬಂದರೆ ಏನು ಮಾಡುವುದೆಂಬ ತಾಲೀಮನ್ನು ಶಾಲೆ ನಡೆಸಿರಲಿಲ್ಲ. ಮಕ್ಕಳನ್ನು ಪೋಷಕರಿಗೆ ಒಪ್ಪಿಸುವ ಕ್ರಮವನ್ನೂ ಅಭ್ಯಾಸ ಮಾಡಿರಲಿಲ್ಲ. ಇದರ ಫಲ ಅಂದು ಮೈದಾನದಲ್ಲಿ ಕಂಡಿತು: ಒಬ್ಬೊಬ್ಬರೇ ಬಂದ ತಂದೆತಾಯಿಯರಿಗೆ ಮಕ್ಕಳನ್ನು ಗುರುತಿಸಿ ಒಪ್ಪಿಸುವ ಕೆಲಸದಲ್ಲೇ ಶಿಕ್ಷಕರ ಗಮನ ಮತ್ತು ನಿಮಿಷಗಳು ಹರಿದುಹೋದವು. ಎರಡು ದಿನ ಮೊದಲು, ಮಾರ್ಚ್ 9ರಂದು, ಅದೇ ಕರಾವಳಿಯಲ್ಲಿ 7.3 ಪ್ರಮಾಣದ ಭೂಕಂಪ ಆಗಿತ್ತು. ಅಂದೂ ಮಕ್ಕಳು ಮೈದಾನಕ್ಕೆ ಬಂದು ನಿಂತು ಮರಳಿದ್ದರು. ಸುನಾಮಿ ಬಂದರೆ ಎಲ್ಲಿಗೆ ಹೋಗುವುದೆಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಆಗಿತ್ತಂತೆ. ಮಾತು ಆದದ್ದು ನಿಜ, ತೀರ್ಮಾನ ಆಗಲಿಲ್ಲ.

ತರಬೇತಿಯ ದೃಷ್ಟಿಯಿಂದ ನೋಡಿದರೆ ನನಗೆ ಹೆಚ್ಚು ಕಾಡುವುದು ಇದು. ವರ್ಷವರ್ಷವೂ ಮೈದಾನಕ್ಕೆ ಬಂದು, ಎಣಿಸಿ, ಚಪ್ಪಾಳೆ ತಟ್ಟಿ ಮುಗಿಸುವ ತಾಲೀಮು, ಮೈದಾನ ಎಂದರೆ ಕೊನೆ ಎಂಬುದನ್ನು ಮೈಗೆ ಕಲಿಸುತ್ತದೆ. ತಾಲೀಮಿನಲ್ಲಿ ಕಾಲು ಎಲ್ಲಿ ನಿಲ್ಲುತ್ತದೋ ಅವಘಡದ ದಿನವೂ ಅದು ಅಲ್ಲೇ ನಿಲ್ಲುತ್ತದೆ. ಬೆಂಕಿ, ಭೂಕಂಪಗಳಿಗೆ ಮೈದಾನ ಸರಿ. ನೀರಿಗೆ, ಗುಡ್ಡ ಕುಸಿತಕ್ಕೆ, ವಿಷಾನಿಲಕ್ಕೆ ಅದು ಸರಿಯಲ್ಲದೇ ಇರಬಹುದು. ಒಂದೇ ಉತ್ತರವನ್ನು ಎಲ್ಲ ಪ್ರಶ್ನೆಗೂ ಕಲಿಸಿದ ತಾಲೀಮು ಇಲ್ಲದ ತಾಲೀಮಿಗಿಂತ ಯಾವಾಗಲೂ ಮೇಲು ಎಂದು ಹೇಳಲಾರೆ.

ನ್ಯಾಯಾಲಯ ಕಂಡ ತಪ್ಪು

ಸ್ವತಂತ್ರ ಪರಿಶೀಲನಾ ಸಮಿತಿಯೊಂದು 2014ರಲ್ಲಿ ಅಂತಿಮ ವರದಿ ನೀಡಿತು. ಹೊರಡುವ ತೀರ್ಮಾನ ತಡವಾದದ್ದು ಮತ್ತು ಆರಿಸಿಕೊಂಡ ಜಾಗ ತಪ್ಪಾದದ್ದು ನೇರ ಕಾರಣವೆಂದು ಅದು ಹೇಳಿತು. ಹೆತ್ತವರಿಗೆ ಅದು ತೃಪ್ತಿ ಕೊಡಲಿಲ್ಲ, ಏಕೆಂದರೆ ಅಷ್ಟು ಅವರಿಗೆ ಗೊತ್ತೇ ಇತ್ತು. ತಡವಾದದ್ದೇಕೆ ಎಂಬುದು ಅವರ ಪ್ರಶ್ನೆ. ಅದೇ ವರ್ಷದ ಮಾರ್ಚಿನಲ್ಲಿ 23 ಮಕ್ಕಳ ಕುಟುಂಬಗಳು ನಗರಾಡಳಿತ ಮತ್ತು ಪ್ರಾಂತ್ಯದ ವಿರುದ್ಧ ದಾವೆ ಹೂಡಿದವು.

ಸೆಂದಾಯಿ ಜಿಲ್ಲಾ ನ್ಯಾಯಾಲಯ 2016ರ ಅಕ್ಟೋಬರ್ 26ರಂದು ಕುಟುಂಬಗಳ ಪರವಾಗಿ ತೀರ್ಪಿತ್ತಿತು. ಅದು ಕಂಡ ತಪ್ಪು ಕೊನೆಯ ಏಳು ನಿಮಿಷಗಳದ್ದು: ಧ್ವನಿವರ್ಧಕದ ವಾಹನ ಹಾದುಹೋದ ಮೇಲೆ ಅಪಾಯ ಶಿಕ್ಷಕರಿಗೆ ತಿಳಿಯಿತು, ಆಗ ಗುಡ್ಡಕ್ಕೆ ಒಯ್ಯಬೇಕಿತ್ತು, ನದಿಯ ಕಡೆಗೆ ಒಯ್ದರು. ತೀರ್ಪು ಹೆತ್ತವರ ಪರವಾಗಿದ್ದರೂ ಅದರಲ್ಲಿ ಒಂದು ಅನ್ಯಾಯವಿತ್ತೆಂದು ನನ್ನ ಎಣಿಕೆ. ಹೊಣೆಯೆಲ್ಲ ಸತ್ತುಹೋದ ಹತ್ತು ಶಿಕ್ಷಕರ ತಲೆಯ ಮೇಲೆ ಬಂತು.

2018ರ ಏಪ್ರಿಲ್ 26ರಂದು ಸೆಂದಾಯಿ ಉಚ್ಚ ನ್ಯಾಯಾಲಯ ಪರಿಹಾರದ ಮೊತ್ತವನ್ನು ಹೆಚ್ಚುಕಡಿಮೆ ಹಾಗೆಯೇ, ಸುಮಾರು 143 ಕೋಟಿ ಯೆನ್‌ಗಳಷ್ಟು, ಎತ್ತಿಹಿಡಿಯಿತು. ಆದರೆ ತಪ್ಪು ನಡೆದ ತಾರೀಖನ್ನೇ ಬದಲಿಸಿತು. ಅದರ ಪ್ರಕಾರ ತಪ್ಪು 2011ರ ಮಾರ್ಚ್ 11ರ ಮಧ್ಯಾಹ್ನದ್ದಲ್ಲ. ಶಾಲೆಗಳು ಕೈಪಿಡಿಗಳನ್ನು ಪರಿಷ್ಕರಿಸಿ ಸಲ್ಲಿಸಬೇಕಿದ್ದ 2010ರ ಏಪ್ರಿಲ್ ಅಂತ್ಯದ್ದು. ಆ ಹೊತ್ತಿಗೆ ಶಾಲೆಯು ಮೂರನೆಯ ಹಂತದ ಜಾಗವೊಂದನ್ನು, ಉದಾಹರಣೆಗೆ ಸುಮಾರು 700 ಮೀಟರ್ ದೂರದಲ್ಲಿದ್ದ 'ಬ್ಯಾಟ್ ವನ' ಎಂಬ ಎತ್ತರದ ತೋಪನ್ನು, ಹೆಸರಿಟ್ಟು ಬರೆಯಬೇಕಿತ್ತು, ಅಲ್ಲಿಗೆ ಹೋಗುವ ದಾರಿ ಮತ್ತು ಕ್ರಮವನ್ನು ನಿಗದಿ ಮಾಡಬೇಕಿತ್ತು. ಶಿಕ್ಷಣ ಮಂಡಳಿಯು ಸಲ್ಲಿಕೆಯಾದ ಕೈಪಿಡಿಯನ್ನು ಓದಿ, ಇದು ಸಾಲದು, ತಿದ್ದಿ ತನ್ನಿ ಎನ್ನಬೇಕಿತ್ತು. ಇವರು ಬರೆದುಕೊಟ್ಟರು, ಅವರು ಕಡತಕ್ಕೆ ಸೇರಿಸಿದರು. ಅಪಾಯ ನಕ್ಷೆಯಲ್ಲಿ ಶಾಲೆ ಸುರಕ್ಷಿತ ವಲಯದಲ್ಲಿತ್ತು ಎಂಬ ಸಮರ್ಥನೆಯನ್ನೂ ನ್ಯಾಯಾಲಯ ಒಪ್ಪಲಿಲ್ಲ. ನದಿಯ ಪಕ್ಕದ ಶಾಲೆಯವರು ನಕ್ಷೆಯನ್ನು ತಮ್ಮ ಕಣ್ಣಿನಿಂದ ಒರೆಗೆ ಹಚ್ಚಬೇಕು. ಮಕ್ಕಳ ಹೊಣೆ ಹೊತ್ತವರ ತಿಳಿವಳಿಕೆ ಸಾಮಾನ್ಯ ನಿವಾಸಿಗಳದ್ದಕ್ಕಿಂತ ಮೇಲ್ಮಟ್ಟದ್ದಾಗಿರಬೇಕು ಎಂದಿತು. 2019ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿದ್ದರಿಂದ ಈ ತೀರ್ಪೇ ಉಳಿಯಿತು.

ತರಬೇತಿದಾರರಿಗೆ ಈ ಎರಡನೆಯ ತೀರ್ಪಿನ ಮಹತ್ವ ದೊಡ್ಡದು. ಅಲೆಯ ಎದುರು ನಿಂತ ಶಿಕ್ಷಕನ ಬುದ್ಧಿಯನ್ನು ಅಳೆಯುವ ಬದಲು, ಆ ಶಿಕ್ಷಕ ಅಂದು ಹೊಸದಾಗಿ ಯೋಚಿಸಬೇಕಾದ ಪರಿಸ್ಥಿತಿ ತಂದವರು ಯಾರು ಎಂದು ಅದು ಕೇಳಿತು.

ಕಮಾಯಿಶಿಯ ಮಕ್ಕಳು ಮತ್ತು ಕಮಾಯಿಶಿಯ ದೊಡ್ಡವರು

ಉತ್ತರಕ್ಕಿರುವ ಇವಾತೆ ಪ್ರಾಂತ್ಯದ ಕಮಾಯಿಶಿ ನಗರವನ್ನು ಈ ಪ್ರಕರಣದ ಪಕ್ಕದಲ್ಲಿಟ್ಟು ನೋಡುವುದು ವಾಡಿಕೆ. ಅಲ್ಲಿನ ಉನೊಸುಮಾಯಿ ಪ್ರಾಥಮಿಕ ಶಾಲೆಯೂ ಅಪಾಯ ನಕ್ಷೆಯ ಪ್ರಕಾರ ಮುಳುಗಡೆ ವಲಯದ ಹೊರಗೇ ಇತ್ತು. ಅದರ ಮಕ್ಕಳು ಮೊದಲು ಕಟ್ಟಡದ ಮೂರನೆಯ ಅಂತಸ್ತಿಗೆ ಹೋಗಿದ್ದರು. ಪಕ್ಕದ ಮಾಧ್ಯಮಿಕ ಶಾಲೆಯ ಹುಡುಗರು ಬೆಟ್ಟದ ಕಡೆ ಓಡುವುದನ್ನು ಕಂಡು ಕೆಳಗಿಳಿದು ಅವರನ್ನು ಸೇರಿಕೊಂಡರು. ನಿಗದಿಯಾಗಿದ್ದ ಜಾಗ ತಲುಪಿದ ಮೇಲೆ ಹಿಂದಿನ ಬಂಡೆ ಕುಸಿಯುತ್ತಿರುವುದು ಕಂಡು ಇನ್ನೂ ಮೇಲಕ್ಕೆ, ಅಲ್ಲಿಂದ ಮತ್ತೂ ಮೇಲಕ್ಕೆ ಹೋದರು. ದೊಡ್ಡವರು ಸಣ್ಣವರ ಕೈ ಹಿಡಿದಿದ್ದರು. ಮೊದಲ ಜಾಗ ಮುಳುಗಿತು, ಎರಡನೆಯದರ ಅಂಚಿಗೆ ನೀರು ಬಂತು. ಓಡಿದ ಸುಮಾರು 570 ಮಕ್ಕಳೂ ಉಳಿದರು. ಗುನ್ಮಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ತೊಷಿತಾಕಾ ಕತಾದಾ ಆ ನಗರದ ಶಾಲೆಗಳಲ್ಲಿ ಅದಕ್ಕೆ ಮೊದಲು ಹಲವು ವರ್ಷ ಶಿಕ್ಷಕರ ಜೊತೆ ಕೆಲಸ ಮಾಡಿದ್ದರು. ಅವರು ಕಲಿಸಿದ ಮೂರು ಮಾತು: ನಕ್ಷೆಯ ಅಂದಾಜನ್ನು ನಂಬಿ ಕೂರಬೇಡಿ, ಆ ಹೊತ್ತಿನಲ್ಲಿ ನಿಮ್ಮಿಂದಾಗುವ ಅತ್ಯುತ್ತಮವನ್ನು ಮಾಡಿ, ಮೊದಲು ಓಡುವವರು ನೀವಾಗಿ.

ಇದನ್ನು ಪವಾಡವೆಂದು ಹೊಗಳಿ ಮುಗಿಸುವವರು ಅದೇ ಉನೊಸುಮಾಯಿಯ ಇನ್ನೊಂದು ಕಥೆಯನ್ನು ಹೇಳುವುದಿಲ್ಲ. ಅಲ್ಲೊಂದು ಎರಡಂತಸ್ತಿನ ವಿಪತ್ತು ಕೇಂದ್ರವಿತ್ತು. ವಿಪತ್ತಿನ ನಂತರ ಜನ ಕೆಲವು ದಿನ ಉಳಿಯಲೆಂದು ಕಟ್ಟಿದ್ದೇ ಹೊರತು ಸುನಾಮಿಯಿಂದ ತಪ್ಪಿಸಿಕೊಳ್ಳಲು ಗೊತ್ತುಮಾಡಿದ ತಾಣವಲ್ಲ. ಆದರೆ ನಿಜವಾದ ತಾಣ ದೂರದಲ್ಲಿ, ಎತ್ತರದಲ್ಲಿ ಇದ್ದುದರಿಂದ, ಮುದುಕರೂ ತಾಲೀಮಿಗೆ ಬರಲಿ ಎಂಬ ಸದುದ್ದೇಶದಿಂದ ತಾಲೀಮುಗಳನ್ನು ಆ ಕೇಂದ್ರದಲ್ಲೇ ಮುಗಿಸುವ ರೂಢಿ ಬಿತ್ತು. ಹಾಜರಿ ಚೆನ್ನಾಗಿರುತ್ತಿತ್ತು. ಮಾರ್ಚ್ 11ರಂದು ಜನ ತಾಲೀಮಿನಲ್ಲಿ ಹೋಗಿದ್ದ ಅದೇ ಕೇಂದ್ರಕ್ಕೆ ಹೋದರು. ಅಲ್ಲಿ 160ಕ್ಕೂ ಹೆಚ್ಚು ಮಂದಿ ಸತ್ತರೆಂದು ಅಂದಾಜು. ಒಂದೇ ಊರು, ಒಂದೇ ಅಲೆ. ತಾಲೀಮು ಮಾಡಿದವರೇ ಉಳಿದರು, ತಾಲೀಮು ಮಾಡಿದವರೇ ಸತ್ತರು.

ಪ್ರಥಮ ಚಿಕಿತ್ಸೆಯ ಕಡೆಯಿಂದ

ಪ್ರಥಮ ಚಿಕಿತ್ಸೆಯನ್ನೂ ವಿಪತ್ತು ಸನ್ನದ್ಧತೆಯನ್ನೂ ಒಂದೇ ತರಬೇತಿಯಲ್ಲಿ ಸೇರಿಸಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಎಂದು ಹಂಚುವುದು ಎಲ್ಲ ಕಡೆಯ ಪದ್ಧತಿ. ಎರಡರ ನಡುವಿನ ಸಂಬಂಧವನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಒಕಾವಾ ಪ್ರಕರಣ ಅದನ್ನು ತೋರಿಸುತ್ತದೆ.

ಪ್ರಥಮ ಚಿಕಿತ್ಸೆಯ ಮೊದಲ ಪಾಠ ಬ್ಯಾಂಡೇಜಿನದಲ್ಲ. ಗಾಯಾಳುವಿನ ಬಳಿ ಹೋಗುವ ಮುನ್ನ ಆ ಜಾಗ ಸುರಕ್ಷಿತವೇ ಎಂದು ನೋಡುವುದು ಮೊದಲ ಪಾಠ. ವಿದ್ಯುತ್ ತಂತಿ ತಗುಲಿ ಬಿದ್ದ ಮಗುವನ್ನು ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ರಸ್ತೆಯ ಮಧ್ಯೆ ಬಿದ್ದವನಿಗೆ ಅಲ್ಲೇ ಕುಳಿತು ಪಟ್ಟಿ ಕಟ್ಟಬಾರದು. ಇದನ್ನು ಕಲಿತ ಕಣ್ಣಿನಿಂದ ಆ ಮೈದಾನವನ್ನು ನೋಡಿದರೆ, ಅಳುವ ಮಗುವನ್ನು ಸಂತೈಸುವುದು, ವಾಂತಿ ಮಾಡಿದವನಿಗೆ ಉಪಚಾರ, ಚಳಿಗೆ ಬೆಂಕಿ, ಇವೆಲ್ಲ ಒಳ್ಳೆಯ ಆರೈಕೆ. ಆದರೆ ರಸ್ತೆ ನಡುವೆ ಕುಳಿತು ಕಟ್ಟಿದ ಪಟ್ಟಿ.

ಎರಡನೆಯ ಸಂಬಂಧ ಅನುಮತಿಗೆ ಸಂಬಂಧಿಸಿದ್ದು. ಚಕ್ಕುಲಿ ಚೂರೋ ಕಡಲೆಬೀಜವೋ ಗಂಟಲಲ್ಲಿ ಸಿಕ್ಕಿ ಉಸಿರಾಡಲಾಗದೆ ಒದ್ದಾಡುವ ಎರಡನೇ ತರಗತಿಯ ಹುಡುಗನನ್ನು ಕಂಡರೆ ಮುಂದಕ್ಕೆ ಬಾಗಿಸಿ, ಎರಡೂ ಭುಜದೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಹೊಡೆಯಬೇಕು, ಆಗದಿದ್ದರೆ ಹಿಂದಿನಿಂದ ಹಿಡಿದು ಹೊಕ್ಕುಳ ಮೇಲ್ಭಾಗದಲ್ಲಿ ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು ಎಂದು ಕಲಿಸುತ್ತೇವೆ. ಮುಖ್ಯ ಶಿಕ್ಷಕರಿಗೆ ಫೋನು ಮಾಡಿ ಆಮೇಲೆ ಹೊಡೆಯಿರಿ ಎಂದು ಯಾರೂ ಕಲಿಸುವುದಿಲ್ಲ. ಮೂರ್ಛೆ ಬಂದ ಮಗುವಿನ ಕೈಗೆ ಕೀಲಿಕೈ ಕೊಡಲು ಊರ ಹಿರಿಯರು ಹೇಳಿದರೂ ಕೊಡದೆ, ಬಾಯಿಗೆ ಏನನ್ನೂ ತುರುಕದೆ, ಮಗ್ಗುಲಿಗೆ ಹೊರಳಿಸಿ ಮಲಗಿಸಿ ಎನ್ನುತ್ತೇವೆ. ಹಾವು ಕಚ್ಚಿದ ಜಾಗವನ್ನು ಕುಯ್ಯಬೇಡಿ, ಹೀರಬೇಡಿ, ಬಿಗಿದು ಕಟ್ಟಬೇಡಿ, ಕಾಲನ್ನು ಅಲುಗದಂತೆ ಇರಿಸಿ ಆಸ್ಪತ್ರೆಗೆ ಒಯ್ಯಿರಿ, ನಾಟಿ ವೈದ್ಯರ ಕಡೆ ಹೋಗೋಣ ಎಂದವರ ಮಾತಿಗೆ ಒಪ್ಪಬೇಡಿ ಎನ್ನುತ್ತೇವೆ. ಅಂದರೆ ಪ್ರಥಮ ಚಿಕಿತ್ಸೆ ಕಲಿಸುವಾಗ ಶಿಕ್ಷಕಿಗೆ ನಾವು ಕೌಶಲದ ಜೊತೆಗೆ ಧೈರ್ಯವನ್ನೂ, ಸುತ್ತ ನಿಂತ ಹತ್ತು ಜನರ ಸಲಹೆಯನ್ನು ಮೀರುವ ಅಧಿಕಾರವನ್ನೂ ಕೊಡುತ್ತೇವೆ. ಅದೇ ಶಿಕ್ಷಕಿಗೆ ಮಧ್ಯಾಹ್ನದ ಅವಧಿಯಲ್ಲಿ ವಿಪತ್ತು ನಿರ್ವಹಣೆ ಕಲಿಸುವಾಗ ಸಮಿತಿ, ಉಪಸಮಿತಿ, ಸಂಯೋಜಕರು, ಮೇಲಧಿಕಾರಿಗಳಿಗೆ ವರದಿ ಎಂಬ ಏಣಿಯೊಂದನ್ನು ಕೈಗೆ ಕೊಟ್ಟು ಕಳಿಸುತ್ತೇವೆ. ಬೆಳಿಗ್ಗೆ ಕೊಟ್ಟ ಅಧಿಕಾರವನ್ನು ಮಧ್ಯಾಹ್ನ ಹಿಂದಕ್ಕೆ ಪಡೆಯುತ್ತೇವೆ. ಒಕಾವಾ ಮೈದಾನದಲ್ಲಿ ಇಲ್ಲದೇ ಹೋದದ್ದು ಇದೇ: ಅನುಮತಿ ಕೇಳದೆ ಹೊರಡಬಹುದು ಎಂಬ ಭರವಸೆ.

ನಮ್ಮ ಕಡತಗಳಲ್ಲಿ

ಭಾರತದಲ್ಲಿ ಈ ವಿಷಯಕ್ಕೆ ಕಾನೂನಿನ ಬಲ ಬಂದದ್ದೂ ಮಕ್ಕಳ ಸಾವಿನಿಂದಲೇ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಆ ಬಗ್ಗೆ ಸಲ್ಲಿಸಿದ ಅವಿನಾಶ್ ಮೆಹ್ರೋತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರ ಏಪ್ರಿಲ್ 13ರಂದು, ಸುರಕ್ಷಿತ ಶಾಲೆಯಲ್ಲಿ ಕಲಿಯುವುದು ಮಗುವಿನ ಮೂಲಭೂತ ಹಕ್ಕಿನ ಭಾಗವೆಂದು ಹೇಳಿ, ಅಗ್ನಿಶಾಮಕ ಉಪಕರಣಗಳನ್ನು ಇಡುವುದರ ಜೊತೆಗೆ ಸಿಬ್ಬಂದಿಗೆ ಅವುಗಳನ್ನು ಬಳಸುವ ತರಬೇತಿಯನ್ನೂ ಕೊಡಬೇಕೆಂದು ನಿರ್ದೇಶಿಸಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2016ರ ಶಾಲಾ ಸುರಕ್ಷತಾ ಮಾರ್ಗಸೂಚಿ ಪ್ರತಿ ಶಾಲೆಗೂ ತನ್ನದೇ ವಿಪತ್ತು ನಿರ್ವಹಣಾ ಯೋಜನೆ ಇರಬೇಕೆಂದಿತು. ಕಾಗದದ ಮಟ್ಟಿಗೆ ನಾವು 2010ರ ಒಕಾವಾಕ್ಕಿಂತ ಹಿಂದಿಲ್ಲ. ತೊಂದರೆಯೂ ಅದೇ.

ನಮ್ಮ ಶಾಲೆಯೊಂದರ ಯೋಜನೆಯ ಕಡತವನ್ನು ಯಾರಾದರೂ ಕೈಗೆತ್ತಿಕೊಂಡರೆ ಮೊದಲು ಹುಡುಕಬೇಕಾದದ್ದು ಸುರಕ್ಷಿತ ಸ್ಥಳ ಎಂಬ ಅಂಕಣ. ಅಲ್ಲಿ ಶಾಲಾ ಆಟದ ಮೈದಾನ ಎಂದಿದ್ದರೆ, ಮೈದಾನ ಯಾವುದರಿಂದ ಸುರಕ್ಷಿತ ಎಂದು ಕೇಳಬೇಕು. ಮಲೆನಾಡಿನಲ್ಲಿ, ಕೊಡಗಿನಲ್ಲಿ ಎಷ್ಟೋ ಶಾಲೆಗಳ ಮೈದಾನವೆಂದರೆ ಗುಡ್ಡವನ್ನು ಕಡಿದು ಸಮಮಾಡಿದ ತಟ್ಟು. ಒಂದು ಕಡೆ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ತುಂಬಿದ ಸಡಿಲ ಮಣ್ಣು. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜಾರಿದ ರೀತಿ ನೋಡಿದವರಿಗೆ, ಎಡೆಬಿಡದ ಮಳೆಯಲ್ಲಿ ಅಂಥ ಮೈದಾನದಲ್ಲಿ ಮಕ್ಕಳನ್ನು ಸಾಲು ನಿಲ್ಲಿಸುವುದು ಎಷ್ಟು ತಪ್ಪೆಂದು ವಿವರಿಸಬೇಕಿಲ್ಲ. ಕೃಷ್ಣಾ, ಮಲಪ್ರಭಾ ತೀರದ ಹಳ್ಳಿಗಳಲ್ಲಿ ಪ್ರವಾಹ ಬಂದಾಗ ಶಾಲೆಗಳೇ ಕಾಳಜಿ ಕೇಂದ್ರಗಳಾಗುತ್ತವೆ. ಊರೆಲ್ಲ ಶಾಲೆಯತ್ತ ಬರುವಾಗ ಶಾಲೆ ಬಿಟ್ಟು ಹೊರಡಬೇಕೆಂದು ತೀರ್ಮಾನಿಸುವುದು ಎಷ್ಟು ಕಷ್ಟ ಎಂಬುದನ್ನು ಕಮಾಯಾ ತೋರಿಸಿದೆ. ಹಿರಿಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಎದುರಿಗಿರುವಾಗ ವರ್ಗಾವಣೆಯಾಗಿ ಬಂದು ಎರಡು ವರ್ಷವಾದ ಶಿಕ್ಷಕಿಯೊಬ್ಬಳ ಮಾತು ಎಷ್ಟು ನಡೆದೀತು?

ಹಾಗಾಗಿ ತರಬೇತಿ ಸಭಾಂಗಣದಲ್ಲಿ ಮುಗಿಯಬಾರದು. ಸ್ಟ್ರೆಚರ್ ಹಿಡಿಯುವುದು, ಹಗ್ಗದ ಗಂಟು, ಬೆಂಕಿ ಆರಿಸುವ ಸಿಲಿಂಡರಿನ ಪಿನ್ನು, ಇವೆಲ್ಲ ಆಗಲಿ. ಆದರೆ ಕೊನೆಗೆ ಪ್ರತಿ ಶಿಕ್ಷಕರೂ ತಮ್ಮ ಶಾಲೆಗೆ ಮರಳಿ, ಒಂದನೇ ತರಗತಿಯ ಅತ್ಯಂತ ನಿಧಾನದ ಮಗುವನ್ನು ಮುಂದೆ ಬಿಟ್ಟು, ಗುರುತಿಸಿದ ಎತ್ತರದ ಜಾಗಕ್ಕೆ ಗಡಿಯಾರ ಹಿಡಿದು ನಡೆದು ನೋಡಬೇಕು. ಆ ಜಾಗಕ್ಕೆ ಊರಿನವರು ಕರೆಯುವ ಹೆಸರನ್ನೇ, ಇಂಥವರ ತೋಟದ ಮೇಲ್ಭಾಗ, ಇಂಥ ಗುಡಿಯ ಕಟ್ಟೆ ಎಂದು, ಬರೆಯಬೇಕು. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ಸಭೆಗೆ ಹೋದ ದಿನ ಉಳಿದವರಿಗೇ ಪೂರ್ಣ ಅಧಿಕಾರವೆಂದು ಮುಖ್ಯ ಶಿಕ್ಷಕರ ಸಹಿಯೊಂದಿಗೆ ಬರೆದಿರಬೇಕು. ಮಕ್ಕಳನ್ನು ಪೋಷಕರಿಗೆ ಒಪ್ಪಿಸುವುದು ಎತ್ತರ ತಲುಪಿದ ಮೇಲೆ, ಮೈದಾನದಲ್ಲಲ್ಲ ಎಂಬುದು ಪೋಷಕರ ಸಭೆಯಲ್ಲೇ ಒಪ್ಪಿತವಾಗಿರಬೇಕು. ಹೊರಟು ಏನೂ ಆಗದೆ ಮರಳಿದರೆ, ಪಾಠದ ಸಮಯ ಹಾಳಾಯಿತೆಂದು ಯಾರೂ ನೋಟಿಸು ಕೊಡುವಂತಿಲ್ಲ ಎಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ ಹೇಳಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟವೆಂದು ನನಗೆ ಗೊತ್ತು.

ಆ ಗುಡ್ಡ ಈಗ

2012ರ ಏಪ್ರಿಲಿನಿಂದ ಮಿಯಾಗಿ ಪ್ರಾಂತ್ಯದ ಸಾರ್ವಜನಿಕ ಶಾಲೆಗಳಲ್ಲಿ ವಿಪತ್ತು ಸನ್ನದ್ಧತೆಯ ಹೊಣೆ ಹೊತ್ತ ಶಿಕ್ಷಕರೊಬ್ಬರನ್ನು ಗೊತ್ತುಮಾಡುತ್ತಾರೆ. ಒಕಾವಾ ಶಾಲೆ 2018ರಲ್ಲಿ ಮುಚ್ಚಿತು. ಮುರಿದ ಕಟ್ಟಡವನ್ನು ಇಡಬೇಕೋ ಕೆಡವಬೇಕೋ ಎಂದು ಹೆತ್ತವರ ನಡುವೆಯೇ ಬಹುಕಾಲ ಭಿನ್ನಾಭಿಪ್ರಾಯವಿದ್ದು, ಕೊನೆಗೆ ಉಳಿಸಿಕೊಂಡು 2021ರ ಜುಲೈಯಿಂದ ಸಾರ್ವಜನಿಕರಿಗೆ ತೆರೆದಿದ್ದಾರೆ. ಅದಕ್ಕೂ ಮೊದಲೇ, 2020ರ ನವೆಂಬರಿನಲ್ಲಿ, ಪ್ರಾಂತ್ಯದ ಶಿಕ್ಷಣ ಮಂಡಳಿಯು ಹೊಸದಾಗಿ ನೇಮಕವಾದ ಮುಖ್ಯೋಪಾಧ್ಯಾಯರ ತರಬೇತಿಯನ್ನು ಅಲ್ಲೇ ನಡೆಸಿತು. ಅವರಿಗೆ ಜಾಗವನ್ನು ತೋರಿಸಿದವರು ಅಲ್ಲಿ ಮಗಳನ್ನು ಕಳೆದುಕೊಂಡ ತಂದೆ. ಅವರೂ ಹಿಂದೆ ಶಿಕ್ಷಕರಾಗಿದ್ದವರೇ. ಮೈದಾನದಿಂದ ಇಳಿಜಾರಿನವರೆಗಿನ ದಾರಿ ಚಿಕ್ಕದು, ಹತ್ತಲು ಕಷ್ಟವಿಲ್ಲ. ಗುಡ್ಡದ ಮೈಮೇಲೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಗುರುತು ಹಾಕಿದ್ದಾರೆ. ಆ ಗುರುತನ್ನು ದಾಟಿ ಇನ್ನೂ ನಾಲ್ಕು ಹೆಜ್ಜೆ ಮೇಲೆ ನಿಂತು ತಿರುಗಿ ನೋಡಿದರೆ ಮೈದಾನ ಪೂರ್ತಿಯಾಗಿ ಕಾಣುತ್ತದೆ.